ನೆನಪಿನ ಪಟ ಹೊಲಿದ ಶಿವಗಂಗವ್ವ

ಎಲ್ಲರ ಎದೆಯಲ್ಲೂ ದೀಪವಾಗಿ ಕೂತಿರುವ ಪರಶಿವನಿಗೆ ಕೈಮುಗಿದು ಹೇಳುತ್ತೇನೆ, ಕೇಳಿ.

ಬಹಳ ಹಿಂದೆ ಹಂಸಾವತಿ ಎಂಬ ರಾಜ್ಯವಿತ್ತು. ಆ ಕಾಲವೇ ಬೇರೆ. ಅರಮನೆಯ ಗೋಡೆಗೊಂದು ರೇಷ್ಮೆಯ ಪಟ ತೂಗುತ್ತಿತ್ತು, ಕಳೆದ ದಿನಗಳು ಅದರ ಮೇಲೆ ಜೀವಂತವಾಗಿ ಓಡಾಡುತ್ತಿದ್ದವು. ತೀರಿಕೊಂಡ ರಾಣಿ ಅದರಲ್ಲಿ ದಿನವೂ ನಗುತ್ತಿದ್ದಳು. ರಾಜ ವೀರಕೀರ್ತಿ ಮಗಳು ಇಂದುಲೇಖೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುತ್ತಿದ್ದ.

ರಾಜ್ಯದ ಆಸೆಗೆ ಬಿದ್ದ ಕರಾಳಕೇತು ಎಂಬ ಮಾಯಾವಿ ಆ ಪಟವನ್ನು ಚೂರುಚೂರಾಗಿ ಕತ್ತರಿಸಿದ. ಕೂಡಲೇ ನೆನಪು ಅಳಿದ ರಾಜ, "ಯಾರಮ್ಮ ನೀನು?" ಎಂದು ಮಗಳನ್ನೇ ಕೇಳಿದ. ತಂದೆಯೇ ಮರೆತ ಇಂದುಲೇಖೆ ಒಗೆದ ಬಟ್ಟೆಯ ಬಣ್ಣದಂತೆ ಮಾಸತೊಡಗಿದಳು. ಸೂರ್ಯ ಮುಳುಗುವುದರೊಳಗೆ ಪಟ ಕೂಡದಿದ್ದರೆ ಅವಳು ಉಳಿಯುವಂತಿರಲಿಲ್ಲ.

ಆಗ ಬಂದವಳು ಹಳೇ ಬಟ್ಟೆಯ ಚೂರು ಕೂಡಿಸಿ ಕೌದಿ ಹೊಲಿಯುವ ಶಿವಗಂಗವ್ವ. ಮಾಯಾವಿ ಗೂಬೆಯಾಗಿ ತೊಲೆಯ ಮೇಲೆ ಕೂತು ನಕ್ಕ.

"ಚಿಂದಿ ಹೊಲಿಯುವವಳಿಗೆ ರೇಷ್ಮೆ ಯಾಕೆ?"

"ಚಿಂದಿ ಆಗೇತಿ ಅಂತನ ನಾ ಬಂದೀನೋ, ಗೂಗಿ!"

ಕೌದಿಯ ರೂಢಿಯಂತೆ ಅವಳು ಬಣ್ಣ ನೋಡಿ, ಕೆಂಪಿಗೆ ಕೆಂಪು ಸೇರಿಸಿ ಹೊಲಿದಳು. ಪಟ ಪರ್ರೆಂದು ಹರಿಯಿತು. ಇಂದುಲೇಖೆಯ ಪಾದಗಳು ಕಾಣದಾದವು.

"ಶಿವನೇ, ನನ್ನ ಜಾಣತನ ಸಾಕು. ನೀನ ತೋರಿಸು" ಎಂದು ಬೇಡಿಕೊಂಡು ಮತ್ತೆ ನೋಡಿದಳು. ಒಂದು ಚೂರಿನಲ್ಲಿ ರಾಣಿಯ ಕೈ ತುತ್ತು ಎತ್ತುತ್ತಿತ್ತು. ಇನ್ನೊಂದರಲ್ಲಿ ಅದೇ ಕೈ ಕೂಸು ಇಂದುಲೇಖೆಯ ಬಾಯಿಯತ್ತ ಸಾಗುತ್ತಿತ್ತು. ಕೈ ನಿಲ್ಲುವ ಮೊದಲೇ, ಏಳುತ್ತಿರುವಾಗಲೇ ಎರಡನ್ನೂ ಕೂಡಿಸಿದಳು. ಹೊಲಿಗೆಯೇ ಕಾಣಲಿಲ್ಲ, ತುತ್ತು ಬಾಯಿ ಸೇರಿತು.

ಮುಂದಿನ ಚೂರಿನಲ್ಲಿ ಕೂಸು ಕತ್ತೆತ್ತಿ ಮೇಲೆ ನೋಡುತ್ತಿತ್ತು.

"ಕೂಸು ನೋಡಿದ್ದು ನಮಗೂ ಕಾಣಬೇಕಲ್ಲ!" ಎಂದು ಶಿವಗಂಗವ್ವ ರಾಶಿಯಲ್ಲಿ ಹುಡುಕಿ ಚಂದ್ರನಿರುವ ಚೂರನ್ನು ತಂದು ಹಚ್ಚಿದಳು. ಅದೂ ನಿಂತಿತು.

ಮೂರನೆಯದು ಕಷ್ಟದ್ದು. ಕೊಳದ ದಂಡೆಯಲ್ಲಿ ಎಡಕ್ಕೆ ರಾಜ, ಬಲಕ್ಕೆ ಪುಟ್ಟ ಇಂದುಲೇಖೆ, ಎದುರುಬದುರು ಕೂತು ಮಾತಾಡುತ್ತಿದ್ದರು. ಗೂಬೆ ರಾಜನ ಚಿತ್ರವಿದ್ದ ಜರಿಯಂಚಿನ ಚೂರೊಂದನ್ನು ಉದುರಿಸಿತು. "ಇದನ್ನು ನಡುವೆ ಹಾಕು, ಎಷ್ಟು ಚಂದ!"

ನಿಜಕ್ಕೂ ಚಂದವಿತ್ತು. ಆದರೆ ಅದು ಆಚೆ ದಂಡೆಯಿಂದ ಕಂಡ ನೋಟ, ಎಡಬಲ ಅದಲುಬದಲು. ರಾಜನ ಮುಖ ಎಡಕ್ಕೆ ತಿರುಗಿತ್ತು. ಉಳಿದ ಚೂರುಗಳಲ್ಲಿ ಮಗಳ ನೋಟವೂ ಎಡಕ್ಕೇ. ಅದನ್ನಿಟ್ಟರೆ ತಂದೆ ಮಗಳಿಗೆ ಬೆನ್ನು ಮಾಡಿದಂತಾಗುತ್ತಿತ್ತು.

"ಚಂದ ಐತಿ. ಆದ್ರ ಅಪ್ಪನ್ನ ಮಗಳಿಂದ ತಿರುಗಿಸ್ತೈತಿ. ಒಲ್ಲೆ" ಎಂದು ಶಿವಗಂಗವ್ವ ಅದನ್ನು ಬದಿಗಿಟ್ಟಳು. ಈಚೆ ದಂಡೆಯಿಂದ ಕಂಡ ಚೂರುಗಳನ್ನಷ್ಟೇ ಹೊಲಿದು, ಸೂರ್ಯ ಮುಳುಗುವ ಮೊದಲೇ ಪಟ ಮುಗಿಸಿ ಗಂಟು ಹಾಕಿದಳು.

ಮಾಯಾವಿ ತನ್ನ ಪ್ರಾಣವನ್ನು ಬಚ್ಚಿಟ್ಟದ್ದು ಆ ಜರಿಯ ಚೂರಿನಲ್ಲೇ. ಪಟದಲ್ಲಿ ಜಾಗ ಸಿಗದೆ ಅದು ಬೂದಿಯಾಯಿತು, ಗೂಬೆಯೂ ಬೂದಿಯಾಯಿತು.

ರಾಜ ಪಟದೊಳಗಿನ ಪುಟ್ಟ ಕೂಸನ್ನು ನೋಡಿದ, ಪಕ್ಕದಲ್ಲಿ ಬಣ್ಣ ತುಂಬಿಕೊಂಡು ನಿಂತವಳನ್ನು ನೋಡಿದ. ಅವನ ಕಣ್ಣು ತುಂಬಿತು.

"ಇಷ್ಟೆತ್ತರ ಯಾವಾಗ ಬೆಳೆದೆ, ಮಗಳೇ?"

ಹಂಸಾವತಿಯ ಜನ ಬಹುಕಾಲ ಸುಖವಾಗಿ ಬಾಳಿದರು. ಕೇಳಿದ ನಿಮ್ಮೆಲ್ಲರ ಮನೆಯಲ್ಲೂ ಮಕ್ಕಳ ನಗು ತುಂಬಿರಲಿ, ನಿಮ್ಮವರು ನಿಮ್ಮನ್ನು ಎಂದೂ ಮರೆಯದಿರಲಿ.