ಚೀಟಿಯಿಲ್ಲದ ಟ್ಯೂಬು

ಡಾಕ್ಟರ ಚೀಟಿ ಇಲ್ಲದೆ ಕೆಮ್ಮಿನ ಸಿರಪ್ಪನ್ನೂ ಕೊಡದ ಮನುಷ್ಯ ಅವನು. ಗಿರಾಕಿಗಳು ಕೈ ಮುಗಿದರೂ ಅಷ್ಟೇ, ಜಗಳಕ್ಕೆ ನಿಂತರೂ ಅಷ್ಟೇ. ಬೀದಿಯವರು ಅವನ ಹೆಸರನ್ನೇ ಮರೆತು ಚೀಟಿರಾಯ ಎನ್ನುತ್ತಿದ್ದರು. ಅಂಥವನು ಒಬ್ಬಳಿಗೆ, ಒಬ್ಬಳಿಗೆ ಮಾತ್ರ, ಚೀಟಿ ಕೇಳುವುದನ್ನು ಬಿಟ್ಟ. ಅನಾಹುತ ಶುರುವಾದದ್ದೇ ಅಲ್ಲಿ.

ಅವಳು ಎದುರು ಸಾಲಿನ ಗಡಿಯಾರ ರಿಪೇರಿ ಅಂಗಡಿಯವಳು. ಅಪ್ಪ ಕಲಿಸಿಕೊಟ್ಟು ಹೋದ ಕೆಲಸ. ದಿನವಿಡೀ ಎಡಗಣ್ಣಿಗೆ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು, ಎಳ್ಳಿಗಿಂತ ಸಣ್ಣ ಸ್ಕ್ರೂಗಳನ್ನು ಚಿಮುಟದಲ್ಲಿ ಎತ್ತಿ ಕೂರಿಸುವವಳು. ಮೊದಲ ಸಲ ಔಷಧಿ ಅಂಗಡಿಗೆ ಬಂದಾಗ ಆ ಕಣ್ಣಿನ ರೆಪ್ಪೆ ಊದಿಕೊಂಡು ಅರ್ಧ ಮುಚ್ಚಿತ್ತು. ಕೈಯಲ್ಲಿ ಕಣ್ಣಿನ ಡಾಕ್ಟರು ಬರೆದ ಚೀಟಿ: ಆಂಟಿಬಯೋಟಿಕ್ಕೂ ಸ್ಟೀರಾಯ್ಡೂ ಸೇರಿದ ಮುಲಾಮು, ಏಳೇ ದಿನ.

"ಇದನ್ನ ಹಚ್ಕೊಳ್ಳೋದು ಹೇಗೆ?" ಎಂದು ಕೇಳಿದಳು.

"ಮೊದಲು ಕೈ ತೊಳ್ಕೊಳ್ಳಿ. ಮೇಲೆ ನೋಡಿ. ಕೆಳಗಿನ ರೆಪ್ಪೆನ ಹೀಗೆ ಸ್ವಲ್ಪ ಎಳೀರಿ. ಒಳಗೆ ಅಕ್ಕಿಕಾಳಷ್ಟು ಬಿಟ್ರೆ ಸಾಕು. ಟ್ಯೂಬಿನ ಮೂತಿ ಕಣ್ಣಿಗೆ ತಾಗಬಾರದು. ಬೇರೆಯವರಿಗೆ ಕೊಡಬಾರದು."

ಅವನು ತನ್ನ ಕಣ್ಣಿನ ಮೇಲೆಯೇ ಮಾಡಿ ತೋರಿಸಿದ. ಅವಳೂ ಹಾಗೇ ಮಾಡಿದಳು. ನಡುವೆ ಗಾಜಿನ ಕೌಂಟರು. ಆಚೆಗೊಬ್ಬರು ಈಚೆಗೊಬ್ಬರು ರೆಪ್ಪೆ ಎಳೆದುಕೊಂಡು ತಾರಸಿ ನೋಡುತ್ತ ನಿಂತಿದ್ದಾರೆ! ಅವಳಿಗೆ ಕಿಸಕ್ಕನೆ ನಗು ಬಂತು. ಊದಿದ ಕಣ್ಣಲ್ಲೂ ನಗು ಅಷ್ಟು ಚೆನ್ನಾಗಿ ತುಂಬಿಕೊಳ್ಳುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಅವಳು ಹೋದ ಮೇಲೆ ಮೂರು ಗಿರಾಕಿಗಳಿಗೆ ತಪ್ಪು ಚಿಲ್ಲರೆ ಕೊಟ್ಟ.

ಎಂಟನೆಯ ದಿನ ಮಧ್ಯಾಹ್ನ ಮತ್ತೆ ಬಂದಳು. ಕಣ್ಣು ತಿಳಿಯಾಗಿತ್ತು.

"ಇನ್ನೂ ಸ್ವಲ್ಪ ಚುರುಚುರು ಅನ್ನುತ್ತೆ ರೀ. ಅದೇ ಟ್ಯೂಬು ಇನ್ನೊಂದು ಕೊಡ್ತೀರಾ?"

"ಚೀಟಿ..." ಎಂದು ಅವನು ಬಾಯಿ ತೆರೆದ.

"ಓಹೋ, ಚೀಟಿ ಬೇಕಾ? ಹಾಗಾದ್ರೆ ಡಾಕ್ಟರ ಹತ್ರ ಬರೆಸ್ಕೊಂಡು, ಅಲ್ಲೇ ಪಕ್ಕದ ಅಂಗಡಿಯಲ್ಲಿ ತಗೋತೀನಿ ಬಿಡಿ."

ಹಾಗೆಂದು ಓರೆಗಣ್ಣಲ್ಲಿ ನೋಡಿದಳು. ಆ ನೋಟ ಅವನ ಮುಖದಿಂದ ಕೈಗೆ, ಕೈಯಿಂದ ಹಿಂದಿನ ಕಪಾಟಿಗೆ ನಿಧಾನವಾಗಿ ಹೋಗಿ, ಮತ್ತೆ ಮುಖಕ್ಕೇ ಬಂದು ನಿಂತಿತು. ಅವನು ಟ್ಯೂಬು ತೆಗೆದುಕೊಟ್ಟುಬಿಟ್ಟ.

ಹುಚ್ಚಪ್ಪ! ಆ ಮುಲಾಮು ಎಂಥದ್ದೆಂದು ಬೀದಿಗೆಲ್ಲ ಉಪದೇಶ ಮಾಡುತ್ತಿದ್ದವನು ಅವನೇ ಅಲ್ಲವೇ? ಸ್ಟೀರಾಯ್ಡು ಉರಿ, ಕೆಂಪು ಎಲ್ಲ ಅಡಗಿಸಿ ಕಣ್ಣು ಚೆನ್ನಾಗಿದೆ ಅನ್ನಿಸುತ್ತದೆ. ಡಾಕ್ಟರು ಹೇಳಿದಷ್ಟು ದಿನ ಹಚ್ಚಿದರೆ ಸರಿ. ತಿಂಗಳುಗಟ್ಟಲೆ ಹಚ್ಚಿದರೆ ಕೆಲವರ ಕಣ್ಣಿನ ಒಳಗೊಳಗೇ ಒತ್ತಡ ಏರಿ ನರ ಸಾಯತೊಡಗುತ್ತದೆ. ಸಾಯುವಾಗ ಅದು ನೋಯುವುದೂ ಇಲ್ಲ. ಗೊತ್ತಿದ್ದೂ ಕೊಟ್ಟ. ಅವಳಿಗೆ ಹಾಗೆಲ್ಲ ಆಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಅಲ್ಲಿಂದ ಹದಿನೈದು ದಿನಕ್ಕೊಮ್ಮೆ ಅವಳ ಸವಾರಿ. ಅವನು ಬೆಳಗಿನಿಂದಲೇ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದ.

"ನಿಮ್ಮ ಗೋಡೆ ಗಡಿಯಾರ ನಾಲ್ಕು ನಿಮಿಷ ಹಿಂದಿದೆ, ಚೀಟಿರಾಯರೇ. ಸರಿಮಾಡಿ ಕೊಡ್ಲಾ?"

"ಬೇಡ ಬಿಡಿ. ನೀವು ನಾಲ್ಕು ನಿಮಿಷ ಜಾಸ್ತಿ ನಿಲ್ಲಬಹುದಲ್ಲ."

ಅವಳು ತಲೆ ತಗ್ಗಿಸಿದಳು. ಕೆನ್ನೆ ರಂಗೇರಿದ್ದು ಮಾತ್ರ ಬಚ್ಚಿಡಲಾಗಲಿಲ್ಲ. ಒಳಗೆ ಮಾತ್ರೆ ಜೋಡಿಸುತ್ತಿದ್ದ ಅವನ ಅಕ್ಕ, ಅವಳು ಹೋದ ಮೇಲೆ ಕೆಣಕಿದಳು. "ಕಾಯಿಲೆ ಯಾರಿಗೋ? ಅವಳಿಗೋ, ನಿನಗೋ?"

ಅವನು ನಕ್ಕ. ಆದರೆ ಆ ನಗುವಿನ ಅಡಿಯಲ್ಲೊಂದು ಅಳುಕು ಕೂತಿತ್ತು, ದಿನದಿಂದ ದಿನಕ್ಕೆ ಅದು ಬೆಳೆಯುತ್ತಿತ್ತು.

ಆರನೆಯ ತಿಂಗಳು ಅವಳು ಒಳಗೆ ಬರುವಾಗ ಎಡಭುಜ ಬಾಗಿಲಿಗೆ ಬಡಿಯಿತು. ಅವಳೇ ನಕ್ಕು, ಮೇಲೆ ನೋಡಿದಳು.

"ದೀಪ ಹೊಸದಾ? ಸುತ್ತ ಬಣ್ಣದ ಬಳೆ ಕಾಣಿಸ್ತಿದೆ. ಎಷ್ಟು ಚೆನ್ನಾಗಿದೆ!"

ದೀಪ ಹಳೆಯದೇ. ಬಳೆ ಕಾಣುವುದು ಕಣ್ಣಿನೊಳಗೆ ಒತ್ತಡ ಏರಿದ ಗುರುತು, ಅವನಿಗೆ ಗೊತ್ತಿತ್ತು. ಈಗಲೇ ಹೇಳು, ಈಗಲೇ ಹೇಳು ಎಂದು ಮನಸ್ಸು ಬಡಿದುಕೊಂಡಿತು. ಹೇಳಿದರೆ ಎಲ್ಲ ಹೇಳಬೇಕು. "ಸುಸ್ತಾಗಿರಬೇಕು. ಸ್ವಲ್ಪ ನಿದ್ದೆ ಮಾಡಿ," ಎಂದ. ಅಂದೂ ಟ್ಯೂಬು ಕೊಟ್ಟ.

ಮರುದಿನ ತಡೆಯಲಾಗಲಿಲ್ಲ. ಮಧ್ಯಾಹ್ನ ಅಂಗಡಿ ಅಕ್ಕನಿಗೆ ಒಪ್ಪಿಸಿ ಬೀದಿ ದಾಟಿದ. ಅವಳು ಮೇಜಿನ ಮೇಲೆ ಬಗ್ಗಿ, ಬಿಳಿ ಬಟ್ಟೆಯನ್ನು ಬೆರಳಿನಿಂದ ತಡಕುತ್ತಿದ್ದಳು.

"ಒಂದು ಸ್ಕ್ರೂ ಕಾಣ್ತಿಲ್ಲ ರೀ. ಇತ್ತೀಚೆಗೆ ಇದೇ ಆಟ. ಈಗ ಇಟ್ಟದ್ದು ಈಗ ಮಾಯ."

ಸ್ಕ್ರೂ ಅವಳ ಎಡಗೈಯ ಪಕ್ಕದಲ್ಲೇ ಹೊಳೆಯುತ್ತಿತ್ತು.

"ಏಳಿ. ಡಾಕ್ಟರ ಹತ್ರ ಹೋಗೋಣ."

"ಏನಾಯ್ತು? ಈ ಗಡಿಯಾರ ಸಂಜೆಗೆ ಕೊಡಬೇಕು..."

"ಏಳಿ ಅಂದ್ನಲ್ಲ!"

ಅವನು ದನಿ ಏರಿಸಿದ್ದು ಅದೇ ಮೊದಲು. ಅವಳು ಹೆದರಿ ಎದ್ದಳು.

ಡಾಕ್ಟರಮ್ಮ ಕಣ್ಣಿನ ಒತ್ತಡ ಅಳೆದರು. ಮತ್ತೊಮ್ಮೆ ಅಳೆದರು. ಆಮೇಲೆ ಅವಳನ್ನು ಒಂದು ಯಂತ್ರದ ಮುಂದೆ ಕೂರಿಸಿ, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಅಂಚಿನ ಚುಕ್ಕಿಗಳು ಬಂದು ಬಂದು ಹೋಗುತ್ತಿದ್ದವು, ಅವಳ ಬೆರಳು ಅಲುಗುತ್ತಿರಲಿಲ್ಲ.

"ನಾನು ಬರೆದದ್ದು ಏಳು ದಿನ. ನೀವು ಎಷ್ಟು ದಿನ ಹಚ್ಕೊಂಡ್ರಿ?" ಎಂದರು ಡಾಕ್ಟರಮ್ಮ.

"ಆರು ತಿಂಗಳು."

"ಕೊಟ್ಟೋರು ಯಾರು?"

"ಎಲ್ಲೋ... ಎಲ್ಲೋ ಸಿಕ್ತು ಮೇಡಂ."

"ನಾನೇ ಕೊಟ್ಟೆ. ಚೀಟಿ ಇಲ್ದೆ," ಎಂದ ಅವನು.

ಡಾಕ್ಟರಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಿಮ್ಮ ಮೇಲೆ ದೂರು ಬರೀತೀನಿ."

"ಬರೀರಿ ಮೇಡಂ. ಅವರ ಕಣ್ಣು?"

"ಮುಲಾಮು ಇವತ್ತಿಗೇ ನಿಲ್ಲಬೇಕು. ಒತ್ತಡ ಇಳಿಸೋ ಡ್ರಾಪ್ಸ್ ತಪ್ಪದೆ ಹಾಕಬೇಕು, ನಾನು ಕರೆದಾಗೆಲ್ಲ ಬಂದು ತೋರಿಸಬೇಕು. ಉಳಿದಿರೋ ನೋಟನ ಉಳಿಸೋಕೆ ನೋಡೋಣ. ಎಡಗಣ್ಣಿನ ಅಂಚಿನ ನೋಟ ಹೋಗಿದೆ. ಹೋದದ್ದು ವಾಪಸ್ ಬರಲ್ಲ."

ಹೊರಗೆ ಉದ್ದನೆಯ ಬೆಂಚು. ಅವಳು ಕೂತಳು. ಅವನು ಅವಳ ಎಡಕ್ಕೆ ಕೂತ.

"ಚೀಟಿ ಕೇಳಿದ್ರೆ ನೀವು ಬರೋದು ನಿಲ್ಲಿಸ್ತೀರಿ ಅಂತ ಕೇಳಲಿಲ್ಲ," ಎಂದ. "ನಿಮ್ಮನ್ನ ನೋಡೋ ಆಸೆಗೆ ನಿಮ್ಮ ಕಣ್ಣನ್ನೇ ಹಾಳು ಮಾಡಿದೆ. ಪ್ರೀತಿ ಅನ್ನೋಕೆ ನನಗೆ ಬಾಯಿಲ್ಲ. ಆದ್ರೂ ಅದು ಪ್ರೀತೀನೇ."

ಅವಳು ಎದುರಿನ ಗೋಡೆಯನ್ನೇ ನೋಡುತ್ತಿದ್ದಳು.

"ನನ್ನ ಕಣ್ಣು ಐದನೇ ದಿನಕ್ಕೇ ವಾಸಿಯಾಗಿತ್ತು," ಎಂದಳು.

"ಮತ್ತೆ ಚುರುಚುರು ಅಂದದ್ದು?"

"ಸುಳ್ಳು. ಔಷಧಿ ಅಂಗಡಿಗೆ ಬರೋಕೆ ಇನ್ನೇನು ನೆಪ ಹೇಳ್ಲಿ?"

"ಅಯ್ಯೋ! ತಗೊಂಡು ಹೋಗಿ ಎಸೆದುಬಿಡಬಾರದಿತ್ತಾ?"

"ನೀವು ಕೊಟ್ಟದ್ದನ್ನ ಹೇಗೆ ಎಸೀಲಿ? ಅಷ್ಟು ದೊಡ್ಡ ಚೀಟಿರಾಯ ಕೊಟ್ಟಿದ್ದಾನೆ ಅಂದ್ರೆ ಕೆಡುಕಾಗಲ್ಲ ಅಂದ್ಕೊಂಡೆ." ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡಳು. "ಎಡಗಣ್ಣನ್ನ ನೆಚ್ಚಿಕೊಳ್ಳದೆ ಗಡಿಯಾರ ಬಿಚ್ಚೋದು ಮತ್ತೆ ಮೊದಲಿಂದ ಕಲೀಬೇಕು."

ಅವನಿಗೆ ಅಳು ತಡೆಯಲಾಗಲಿಲ್ಲ. ಅವಳು ಈಗಲೂ ಗೋಡೆಯ ಕಡೆಗೇ ಮುಖ ಮಾಡಿದ್ದಳು. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

"ನನ್ನ ಮುಖ ನೋಡೋಕೂ ಮನಸ್ಸಿಲ್ವಾ?" ಎಂದ.

ಅವಳು ಬೆಚ್ಚಿ ಅವನತ್ತ ತಿರುಗಿದಳು. ಕೈ ಚಾಚಿ ಅವನ ತೋಳು ಹಿಡಿದಳು.

"ಅಳ್ತಿದ್ದೀಯಾ? ಆ ಕಡೆ ಕೂತ್ರೆ ನೀನು ನಂಗೆ ಕಾಣಿಸಲ್ಲ. ಈ ಕಡೆ ಬಾ."

ಅವನು ಎದ್ದು, ಅವಳ ಬಲಕ್ಕೆ ಬಂದು ಕೂತ.