ಬೆಳ್ಳಿಯಪ್ಪನ ಸ್ಕ್ಯಾನರ್

೨೦೨೫ರ ಸೆಪ್ಟೆಂಬರ್ ೧೪, ಭಾನುವಾರ, ಮಧ್ಯಾಹ್ನ ಮೂರೂಕಾಲು ಗಂಟೆ. ಸುಭದ್ರಮ್ಮ ಏದುಸಿರು ಬಿಡುತ್ತ ಬಾಳೂರು ಠಾಣೆಯ ಮೆಟ್ಟಿಲು ಹತ್ತಿದರು. ಅರವತ್ತು ದಾಟಿದ ಹೆಂಗಸು, ಸೀರೆಯ ಸೆರಗೆಲ್ಲ ಮಸಿ. ಪೇಟೆಬೀದಿಯ ಅವರ ಹಂಚಿನ ಕಟ್ಟಡದಲ್ಲಿ ‘ಪ್ರೇಮಲತಾ ಡಿಜಿಟಲ್ಸ್’ ಎಂಬ ಬೆಳ್ಳಿಯಪ್ಪನ ಫೋಟೋ ಸ್ಟುಡಿಯೋ ಬಾಡಿಗೆಗಿತ್ತು. ಒಂದು ಗಂಟೆಯ ಹಿಂದೆ ಅದು ಹೊತ್ತಿ ಉರಿದಿತ್ತು. ಅಕ್ಕಪಕ್ಕದವರು ಕೊಡಗಟ್ಟಲೆ ನೀರು ಸುರಿದು ಆರಿಸುವಷ್ಟರಲ್ಲಿ ಹಂಚಿನ ಮಾಡು ಅರ್ಧ ಕುಸಿದಿತ್ತು.

“ತಾನಾಗಿ ಹತ್ತಿದ ಬೆಂಕಿ ಅಲ್ಲ ಮೇಡಂ ಇದು. ಆ ಜೀಪಿನ ಕಲ್ಲೇಶನೇ ಹಚ್ಚಿದ್ದು. ಬರ್ಕೊಳ್ಳಿ.”

ಪಿಎಸ್‌ಐ ವಂದನಾ ಅವರಿಗೆ ಕುರ್ಚಿ ಕೊಡಿಸಿದರು. “ಹಚ್ಚಿದ್ದನ್ನ ನೀವು ನೋಡಿದ್ರಾ?”

“ಅದನ್ನ ನೋಡ್ಲಿಲ್ಲ. ಶುಕ್ರವಾರ ಸಂಜೆ ಅವನೂ ಬೆಳ್ಳಿಯಪ್ಪನೂ ಕಾಲರ್ ಹಿಡ್ಕೊಳ್ಳೋ ತನಕ ಹೋಗಿದ್ರು. ಅದನ್ನ ನನ್ನ ಕಣ್ಣಾರೆ ನೋಡಿದ್ದೇನೆ.”

“ಯಾಕೆ ಜಗಳ?”

“ಅದು ಗೊತ್ತಿಲ್ಲ. ಬೆಳ್ಳಿ ಯಾರ ತಂಟೆಗೂ ಹೋಗೋನಲ್ಲ ಮೇಡಂ. ಹದಿನೈದು ವರ್ಷದಿಂದ ನನ್ನ ಕಟ್ಟಡದಲ್ಲಿದ್ದಾನೆ. ಪಾಪದವ.”

ದೂರನ್ನು ಬರೆದುಕೊಂಡು, ಓದಿ ಹೇಳಿ, ಸಹಿ ಹಾಕಿಸಿ, ಎಫ್‌ಐಆರ್ ದಾಖಲಿಸಿದ್ದಾಯಿತು. ಕಟ್ಟಡಕ್ಕೆ ಬೆಂಕಿ ಇಟ್ಟ ಪ್ರಕರಣ, ಶಂಕಿತ ಆರೋಪಿ ಕಲ್ಲೇಶ್.

ಇನ್ನು ಸ್ಥಳ ಪಂಚನಾಮೆ. ಠಾಣೆಗೊಂದು ರೂಢಿಯಿತ್ತು. ಅಪಘಾತವಾಗಲಿ, ಆನೆ ತುಳಿದ ಕೇಸಾಗಲಿ, ಪಂಚನಾಮೆಗೆ ಫೋಟೋ ಬೇಕೆಂದರೆ ಬೆಳ್ಳಿಯಪ್ಪನಿಗೇ ಫೋನು. ಹೆಡ್ ಕಾನ್‌ಸ್ಟೇಬಲ್ ದಾಸಯ್ಯ ಎಂದಿನಂತೆ ಫೋನ್ ಹಚ್ಚಿ, “ಕ್ಯಾಮೆರಾ ಹಿಡ್ಕೊಂಡು ಬಾ ಮಾರಾಯ, ಒಂದು ಪಂಚನಾಮೆ ಇದೆ” ಎಂದು ಹೇಳಿಯೇಬಿಟ್ಟು, ಆಮೇಲೆ ನಾಲಿಗೆ ಕಚ್ಚಿಕೊಂಡರು. ಸುಟ್ಟದ್ದು ಅವನದೇ ಸ್ಟುಡಿಯೋ ಅಲ್ಲವೇ! ಆದರೆ ಆ ಕಡೆಯಿಂದ “ಬಂದೆ ದಾಸಣ್ಣ” ಎಂಬ ಮಾತು ಬಂತು. ಹೇಳಿದಂತೆ ಬಂದೂ ಬಿಟ್ಟ. ಕೊರಳಲ್ಲಿ ಕ್ಯಾಮೆರಾ ಹಾಕಿಕೊಂಡು ತನ್ನ ಅಂಗಡಿಯ ಬೂದಿಯನ್ನು ನಾಲ್ಕೂ ಮೂಲೆಯಿಂದ ತಾನೇ ಫೋಟೋ ತೆಗೆದ. ನಲವತ್ತೈದರ ಗಂಡಸು, ಕಾಫಿ ತೋಟದ ಕೂಲಿ ಲೈನಿನಲ್ಲಿ ಹುಟ್ಟಿ, ಕೆಲಸ ಕಲಿತು, ಸ್ವಂತ ಅಂಗಡಿ ಮಾಡಿಕೊಂಡವನು. ಅವನನ್ನು ನೋಡಲಾರದೆ ಪಂಚರಿಬ್ಬರೂ ರಸ್ತೆಯ ಕಡೆ ಮುಖ ತಿರುಗಿಸಿ ನಿಂತರು.

ಪಂಚನಾಮೆಯಲ್ಲಿ ಬರೆದದ್ದು ಇಷ್ಟು. ಬೀಗ ಒಡೆದಿಲ್ಲ, ಕೀಲಿಯಿಂದಲೇ ತೆರೆದದ್ದು. ಮೇಜಿನ ಕೆಳಗೆ ಕರಗಿದ ಪ್ಲಾಸ್ಟಿಕ್ ಕ್ಯಾನು, ಪೆಟ್ರೋಲ್ ವಾಸನೆ. ಕಂಪ್ಯೂಟರ್ ಪೂರ್ತಿ ಸುಟ್ಟಿದೆ. ಆಲ್ಬಂ ಇಡುವ ಕಬ್ಬಿಣದ ಸ್ಟ್ಯಾಂಡು ಕಪ್ಪಾಗಿದೆ, ಅದರಲ್ಲಿ ಏನೂ ಇಲ್ಲ. ಗೋಡೆಯ ಮೇಲೆ ಅರ್ಧ ಉಳಿದ ಬೋರ್ಡು: ‘ಬಾಕಿ ಹಣ ಕೊಡದೆ ಆಲ್ಬಂ’. ಮುಂದಿನದು ಸುಟ್ಟಿತ್ತು.

“ಶಾರ್ಟ್ ಸರ್ಕ್ಯೂಟ್ ಇರ್ಬೇಕು ಮೇಡಂ” ಎಂದ ಬೆಳ್ಳಿಯಪ್ಪ.

“ಲೈನ್ ಮೇಲೆ ಮರ ಬಿದ್ದು ಬೆಳಗ್ಗೆ ಎಂಟರಿಂದ ಊರಿಗೇ ಕರೆಂಟಿಲ್ಲ, ಬೆಳ್ಳಿಯಪ್ಪ.”

ಅವನು ಲೆನ್ಸಿನ ಮುಚ್ಚಳ ಹಾಕಿದ.

“ಕೀಲಿ ಯಾರ ಹತ್ರ ಇರುತ್ತೆ?”

“ಬಾಗಿಲ ಮೇಲಿನ ಪಟ್ಟಿ ಮೇಲೆ ಇಡ್ತೇನೆ. ಜೀಪಿನೋರಿಗೆಲ್ಲ ಗೊತ್ತು.”

ಜೀಪಿನವರಿಗೆ ಸ್ಟುಡಿಯೋದ ಕೀಲಿ ಏಕೆ ಬೇಕು? ಇದಕ್ಕೆ ಬಾಳೂರಿನದೇ ಒಂದು ಕಾರಣವಿತ್ತು. ಬಾಡಿಗೆ ಜೀಪಿನಲ್ಲಿ ಗುಡ್ಡ ನೋಡಲು ಬರುವ ಪ್ರವಾಸಿಗರ ಜೇಬಿನಲ್ಲಿ ಕಾಸಿರುವುದಿಲ್ಲ, ಇರುವುದು ಫೋನು. ಇಲ್ಲಿ ನೆಟ್‌ವರ್ಕು ಬಂದರೆ ಬಂತು, ಹೋದರೆ ಹೋಯಿತು. ವೈರಿನ ಇಂಟರ್ನೆಟ್ ಇದ್ದದ್ದು ಬೆಳ್ಳಿಯಪ್ಪನಲ್ಲಿ ಮಾತ್ರ. ಜೀಪಿನವರು ಗಿರಾಕಿಗಳನ್ನು ಅಲ್ಲಿಗೆ ಕರೆತಂದು, ಅವನಿಲ್ಲದಾಗ ತಾವೇ ಬಾಗಿಲು ತೆಗೆದು, ಅವನ ಸ್ಕ್ಯಾನರಿಗೆ, ಅಂದರೆ ಅಂಗಡಿಯ ಕ್ಯೂಆರ್ ಕೋಡಿಗೆ, ದುಡ್ಡು ಹಾಕಿಸುತ್ತಿದ್ದರು. ಅವನು ಬ್ಯಾಂಕಿನಿಂದ ತೆಗೆದು ಅವರವರ ಬಾಡಿಗೆಯನ್ನು ಅವರವರ ಕೈಗೆ ಕೊಡುತ್ತಿದ್ದ. ಇದರಲ್ಲಿ ಒಂದು ರೂಪಾಯಿ ಇಟ್ಟುಕೊಂಡವನಲ್ಲ. ‘ಫೋಟೋ ಬೆಳ್ಳಿಯಪ್ಪ’ ಹೋಗಿ ‘ಸ್ಕ್ಯಾನರ್ ಬೆಳ್ಳಿಯಪ್ಪ’ ಎಂದು ಹೆಸರು ಬಂದಿತ್ತು. ಆ ಹೆಸರು ಅವನಿಗೆ ಇಷ್ಟವೂ ಆಗಿತ್ತು.

ಸಂಜೆ ಐದೂವರೆಗೆ ಕಲ್ಲೇಶನ ವಿಚಾರಣೆ.

“ಮಧ್ಯಾಹ್ನ ಎರಡು ಗಂಟೆಗೆ ಎಲ್ಲಿದ್ದೆ?”

“ಜೀಪ್ ತೊಳೀತಿದ್ದೆ, ಹಳ್ಳದಲ್ಲಿ.”

“ಯಾರಾದ್ರೂ ನೋಡಿದ್ದಾರಾ?”

“ಇಲ್ಲ ಮೇಡಂ.”

“ಶುಕ್ರವಾರ ಜಗಳ ಯಾಕೆ?”

ಕಲ್ಲೇಶ್ ನೆಲ ನೋಡಿದ. ಮತ್ತೆ ಕೇಳಿದರೂ ಬಾಯಿ ಬಿಡಲಿಲ್ಲ. ಬಾಯಿ ಬಿಡದವನ ಮೇಲೆ ಅನುಮಾನ ಹೆಚ್ಚಾಗುವುದು ಪೊಲೀಸರ ಜಾಯಮಾನ. ಬೆಳಗ್ಗೆ ಮತ್ತೆ ಬರಬೇಕೆಂದು ಬರೆಸಿಕೊಂಡು ಅವನನ್ನು ಕಳಿಸಿದರು.

ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ದಾಸಯ್ಯ ವಂದನಾ ಅವರ ಮೇಜಿನ ಮುಂದೆ ಬಂದು ನಿಂತರು. ಮುಖ ಬಾಡಿತ್ತು.

“ಮೇಡಂ, ಆಲ್ಬಂ ಸ್ಟ್ಯಾಂಡು ಖಾಲಿ ಇತ್ತಲ್ಲ.”

“ಹೌದು.”

“ನನ್ನ ಮಗಳ ಮದುವೆ ಆಲ್ಬಂ ಆರು ತಿಂಗಳಿಂದ ಅದರಲ್ಲೇ ಇತ್ತು. ಬಾಕಿ ಕೊಟ್ಟಿರ್ಲಿಲ್ಲ ನಾನು. ಶನಿವಾರ ಬೆಳ್ಳಿಯಪ್ಪನೇ ಮನೆಗೆ ತಂದು ಕೊಟ್ಟ. ದುಡ್ಡು ಕೇಳ್ಲಿಲ್ಲ. ‘ಇರ್ಲಿ ದಾಸಣ್ಣ, ಅಮ್ಮು ಫೋಟೋ ಅಲ್ವಾ’ ಅಂದ. ರಾತ್ರಿಯೆಲ್ಲ ಅದೇ ತಲೇಲಿ ಕೊರೀತಿದೆ.”

ವಂದನಾ ಪಂಚನಾಮೆಯ ಹಾಳೆ ತೆರೆದು ನೋಡಿದರು. ಫೋಟೋಗ್ರಾಫರರ ಪಾಲಿಗೆ ಆಲ್ಬಂ ಎಂದರೆ ಒತ್ತೆ ಇದ್ದಂತೆ. ಒಮ್ಮೆ ಕೊಟ್ಟರೆ ಬಾಕಿ ಮುಳುಗಿದ ಹಾಗೇ. ಸಂಸೆ ಊರಿನ ಗಾನಶ್ರೀ ಎಂಬ ಟೀಚರ್ ಮದುವೆಯ ಫೋಟೋವೂ ಬೆಳ್ಳಿಯಪ್ಪನದೇ ಎಂದು ದಾಸಯ್ಯ ಹೇಳಿದರು. ಅವರಿಗೆ ಫೋನ್ ಮಾಡಿದರೆ ಅದೇ ಉತ್ತರ. ಶನಿವಾರ ಮಳೆಯಲ್ಲಿ ಸ್ಕೂಟರಿನಲ್ಲಿ ಬಂದು ಆಲ್ಬಂ ಕೊಟ್ಟು, ಕಾಫಿಗೂ ನಿಲ್ಲದೆ ಹೋಗಿದ್ದ.

ಹನ್ನೊಂದಕ್ಕೆ ಬೆಳ್ಳಿಯಪ್ಪನ ಮನೆ. ಅವನಿರಲಿಲ್ಲ. ಹೆಂಡತಿ ಪ್ರೇಮಲತಾ ಬಾಗಿಲಲ್ಲೇ ಕಣ್ಣೊರೆಸಿಕೊಂಡಳು.

“ನಿಮ್ಮ ಯಜಮಾನ್ರಿಗೆ ಏನಾದ್ರೂ ತೊಂದ್ರೆ ಇತ್ತಾ?”

ಆಕೆ ಒಳಗೆ ಹೋಗಿ ದೇವರ ಫೋಟೋದ ಹಿಂದಿನಿಂದ ಒಂದು ಲಕೋಟೆ ತಂದು ಕೊಟ್ಟಳು. ತೆರಿಗೆ ಇಲಾಖೆಯ ನೋಟೀಸು. ವರ್ಷದಲ್ಲಿ ಅವನ ಖಾತೆಗೆ ಫೋನಿನ ಮೂಲಕ ಮೂವತ್ತೊಂದು ಲಕ್ಷ ಜಮೆಯಾಗಿದೆ, ಸೇವೆಯ ವಹಿವಾಟು ಇಪ್ಪತ್ತು ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕಿತ್ತು, ಆಗಿಲ್ಲ. ಶೇಕಡಾ ಹದಿನೆಂಟರಂತೆ ತೆರಿಗೆಯೇ ಐದೂವರೆ ಲಕ್ಷದ ಮೇಲೆ. ಬಡ್ಡಿ, ದಂಡ ಬೇರೆ.

“ಜುಲೈಯಲ್ಲಿ ಬಂತು. ಅಂದಿನಿಂದ ನೆಟ್ಟಗೆ ಊಟ ಮಾಡಿಲ್ಲ. ಆ ದುಡ್ಡೆಲ್ಲ ಜೀಪಿನೋರದ್ದು ಮೇಡಂ! ನಾನು ಬಡ್ಕೊಂಡೆ, ನಿಮ್ಗ್ಯಾಕೆ ಬೇಕಿತ್ತು ಅಂತ. ಊರಿಗೆ ಉಪಕಾರಿ, ಮನೆಗೆ ಮಾರಿ.”

“ಜೀಪಿನವ್ರನ್ನ ಕೇಳ್ಲಿಲ್ವಾ?”

“ಕೇಳಿದ್ರು. ‘ಇದು ನಮ್ಮ ದುಡ್ಡು’ ಅಂತ ಬರ್ದು ಕೊಡಿ ಅಂದ್ರು. ಒಬ್ರೂ ಕೊಡ್ಲಿಲ್ಲ.”

ಶುಕ್ರವಾರದ ಜಗಳದ ಕಾರಣ ಹೀಗೆ ಹೊರಬಿತ್ತು. ನೋಟೀಸಿನ ಎರಡನೇ ಪುಟ ಇಂಗ್ಲಿಷಿನಲ್ಲಿತ್ತು. ವಂದನಾ ಅದನ್ನು ಓದಿ, ಅದರಲ್ಲಿದ್ದ ನಂಬರಿಗೆ ಅಂಗಳದಿಂದಲೇ ಫೋನ್ ಮಾಡಿದರು. ಆ ಕಡೆಯ ಅಧಿಕಾರಿ ಸಮಾಧಾನದಿಂದಲೇ ಮಾತಾಡಿದರು.

“ಇದು ಆದೇಶ ಅಲ್ಲ ಮೇಡಂ. ವಿವರಣೆ ಕೇಳಿದ್ದು, ಅಷ್ಟೇ. ತನ್ನ ಕೆಲಸ ವರ್ಷಕ್ಕೆ ಇಷ್ಟೇ ಅಂತ ತೋರಿಸಿ, ಉಳಿದದ್ದು ಜೀಪಿನವ್ರದ್ದು ಅಂತ ಅವ್ರಿಂದ ಬರೆಸಿ ತಂದ್ರೆ ಪರಿಶೀಲಿಸ್ತೀವಿ. ಒಪ್ಪಿಗೆ ಆದ್ರೆ ಅಲ್ಲಿಗೆ ಮುಗೀತು. ಬೆಳ್ಳಿಯಪ್ಪನವ್ರು ಬರ್ಲೇ ಇಲ್ಲ.”

ಮಧ್ಯಾಹ್ನ ಮೂರು ಗಂಟೆಗೆ ಬೆಳ್ಳಿಯಪ್ಪನನ್ನು ಠಾಣೆಗೆ ಕರೆಸಿದರು. ಒಳಗೆ ಬರುವಾಗ ಬೆಂಚಿನ ಮೇಲೆ ಕುಳಿತಿದ್ದ ಕಲ್ಲೇಶನನ್ನು ನೋಡಿ ಅವನ ಹೆಜ್ಜೆ ನಿಂತಿತು.

“ಇವನನ್ನ ಯಾಕೆ ಕೂರ್ಸಿದ್ದೀರಿ ಮೇಡಂ?”

“ದೂರಿನಲ್ಲಿ ಹೆಸರಿದೆ.”

“ಅವ ಅಲ್ಲ.”

“ನಿಮಗೆ ಹೇಗೆ ಗೊತ್ತು?”

ಬೆಳ್ಳಿಯಪ್ಪ ಬೆಂಚಿನ ತುದಿಯಲ್ಲಿ ಕುಳಿತ.

“ಶನಿವಾರ ಎಲ್ರಿಗೂ ಆಲ್ಬಂ ಕೊಟ್ರಿ. ಬಾಕಿ ಕೇಳ್ಲಿಲ್ಲ. ಯಾಕೆ?”

ಬೆಳ್ಳಿಯಪ್ಪ ದಾಸಯ್ಯನ ಕಡೆ ನೋಡಿದ. ದಾಸಯ್ಯ ತಲೆ ತಗ್ಗಿಸಿದರು.

“ಸುಡೋಕೆ ಮನಸ್ಸು ಬರ್ಲಿಲ್ಲ ಮೇಡಂ” ಎಂದ ಬೆಳ್ಳಿಯಪ್ಪ. “ಮದುವೆ ಫೋಟೋ ಅಲ್ವಾ. ಜನ ಬದುಕಿನಲ್ಲಿ ಒಂದ್ಸಲ ತೆಗೆಸೋದು. ಮೊದಲು ಕಲ್ಲೇಶನ್ನ ಮನೆಗೆ ಕಳ್ಸಿ. ನಾನೇ ಹಚ್ಚಿದ್ದು.”

ಹೇಳಿಕೆ ಬರೆದುಕೊಳ್ಳುತ್ತ ವಂದನಾ ಕೇಳಿದರು. “ಯಾತಕ್ಕೆ?”

“ಕಂಪ್ಯೂಟರಿಗೋಸ್ಕರ. ಅಷ್ಟೂ ವರ್ಷದ ಕೆಲಸ ಅದರೊಳಗೆ. ಅಧಿಕಾರಿಗಳು ಬಂದು ಹೊತ್ಕೊಂಡು ಹೋಗ್ತಾರೆ, ಎಷ್ಟು ಮದುವೆ ಮಾಡಿದ್ದೀಯ ಅಂತ ಎಣಿಸ್ತಾರೆ, ಒಂದೊಂದಕ್ಕೂ ತೆರಿಗೆ ಜಡೀತಾರೆ ಅಂತ ಹೆದರಿದೆ. ಅದೊಂದು ಸುಟ್ರೆ ಸಾಕು ಅಂದ್ಕೊಂಡೆ. ಮಾಡಿಗೆ ಹತ್ತುತ್ತೆ ಅಂತ ಗೊತ್ತಾಗ್ಲಿಲ್ಲ. ಸುಭದ್ರಮ್ಮನವ್ರ ಮಾಡು...”

“ವರ್ಷಕ್ಕೆ ಎಷ್ಟು ಮದುವೆ ಮಾಡ್ತೀರಿ?”

“ಇಪ್ಪತ್ತು. ಮಳೆ ಕಮ್ಮಿ ಇದ್ರೆ ಇನ್ನೊಂದೆರಡು.”

“ಎಲ್ಲ ಸೇರಿ ಸಂಪಾದನೆ?”

“ಎಂಟು ಲಕ್ಷ ದಾಟಲ್ಲ ಮೇಡಂ.”

ವಂದನಾ ಪೆನ್ನು ಕೆಳಗಿಟ್ಟರು. “ಮತ್ತೆ, ಎಣಿಸಿದ್ರೆ ನಿಮಗೇನು ನಷ್ಟ ಆಗ್ತಿತ್ತು?”

ತನ್ನ ಬಾಯಿಂದ ಬಂದ ಲೆಕ್ಕ ಬೆಳ್ಳಿಯಪ್ಪನಿಗೇ ಆಗ ಕೇಳಿಸಿತು. ಇಪ್ಪತ್ತು ಲಕ್ಷದ ಗೆರೆಯ ಹತ್ತಿರಕ್ಕೂ ಹೋಗದ ಮನುಷ್ಯ ಅವನು. ಹಾಗೆಂದು ಸಾಕ್ಷಿ ಹೇಳಬಹುದಾಗಿದ್ದದ್ದು ಆ ಕಂಪ್ಯೂಟರ್. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರು ಎಂದು ನಗುತ್ತೇವೆ. ಆ ಹೊತ್ತು ಠಾಣೆಯಲ್ಲಿ ಯಾರಿಗೂ ನಗು ಬರಲಿಲ್ಲ. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಸಂಜೆ ನಾಲ್ಕೂ ಮುಕ್ಕಾಲಿಗೆ ದಸ್ತಗಿರಿ ದಾಖಲಾಯಿತು. ಹೆಂಡತಿಗೆ ತಿಳಿಸಿದರು. ಸುದ್ದಿ ಕೇಳಿ ಸುಭದ್ರಮ್ಮ ಮತ್ತೆ ಠಾಣೆಗೆ ಬಂದರು. ಈ ಸಲ ಮೆಟ್ಟಿಲು ಹತ್ತಲು ಎರಡು ಕಡೆ ನಿಲ್ಲಬೇಕಾಯಿತು.

“ನನ್ನ ಹತ್ರ ಒಂದು ಮಾತು ಹೇಳ್ಬಾರ್ದಿತ್ತೇನೋ ಬೆಳ್ಳಿ?”

“ನಿಮ್ಮ ಮುಖ ನೋಡೋ ಯೋಗ್ಯತೆ ಇಲ್ಲ ಅಮ್ಮ ನನಗೆ.”

“ದೂರು ವಾಪಸ್ ತಗೊಳ್ತೇನೆ ಮೇಡಂ.”

“ಈ ಕಲಮಿನಲ್ಲಿ ಅದು ಆಗಲ್ಲ ಅಮ್ಮ” ಎಂದರು ವಂದನಾ. ಹೇಳುವಾಗ ಅವರಿಗೂ ಬೇಸರವಾಗಿತ್ತು.

ಮಂಗಳವಾರ ಬೆಳಗ್ಗೆ ಒಂಬತ್ತೂವರೆಗೆ ಆರೋಪಿಯನ್ನು ಮೂಡಿಗೆರೆಯ ನ್ಯಾಯಾಲಯಕ್ಕೆ ಹಾಜರುಪಡಿಸಲು ಇಲಾಖೆಯ ವಾಹನ ಸಿದ್ಧವಾಯಿತು. ದಾಸಯ್ಯ ಬೆಳ್ಳಿಯಪ್ಪನನ್ನು ಹಿಂದಿನ ಸೀಟಿನಲ್ಲಿ ಕೂರಿಸುವಾಗ ಠಾಣೆಯ ಮುಂದೆ ಒಂದರ ಹಿಂದೊಂದು ಜೀಪುಗಳು ಬಂದು ನಿಂತವು. ಸ್ಟ್ಯಾಂಡಿನ ಜೀಪುಗಳೆಲ್ಲ ಅಲ್ಲಿದ್ದವು. ಕಲ್ಲೇಶ್ ಮುಂದೆ ಬಂದ.

“ಮೇಡಂ, ಆ ದುಡ್ಡು ನಮ್ದು. ಎಲ್ರೂ ಬರ್ದು ಕೊಡ್ತೇವೆ. ನಮ್ಗೂ ನೋಟೀಸ್ ಬಂದ್ರೆ ಅಂತ ಹೆದರ್ಕೊಂಡ್ವಿ. ಶುಕ್ರವಾರ ಇವ ಕೈ ಮುಗಿದು ಕೇಳ್ದ, ನಾನೇ ಬೈದು ಕಾಲರಿಗೆ ಕೈ ಹಾಕ್ದೆ. ಒಂದು ಸೈನು ಮೇಡಂ. ಒಂದು ಸೈನು ಹಾಕಿದ್ರೆ...”

ಪ್ರೇಮಲತಾ ಗೊತ್ತು ಮಾಡಿದ್ದ ವಕೀಲರು ಅಲ್ಲೇ ಇದ್ದರು. ಬೆಂಕಿಯ ಕೇಸಿಗೆ ಇದರಿಂದ ಪ್ರಯೋಜನವಿಲ್ಲ, ತೆರಿಗೆಯ ನೋಟೀಸಿಗೆ ಖಂಡಿತ ಆಗುತ್ತದೆ ಎಂದರು. “ಬರೀ ಸೈನು ಸಾಲದು. ಛಾಪಾ ಕಾಗದದಲ್ಲಿ ಪ್ರಮಾಣಪತ್ರ ಆಗ್ಬೇಕು. ಆಧಾರ್ ಪ್ರತಿ ತನ್ನಿ. ಒಬ್ಬೊಬ್ಬರೂ ಎರಡೆರಡು ಪಾಸ್‌ಪೋರ್ಟ್ ಸೈಜ್ ಫೋಟೋ.”

“ಅದೆಷ್ಟೊತ್ತು ಸಾರ್” ಎಂದ ಕಲ್ಲೇಶ್ ಗಡಿಬಿಡಿಯಲ್ಲಿ. “ಈಗ್ಲೇ ಹೋಗಿ ಬೆಳ್ಳಿಯಪ್ಪನ ಹತ್ರ ತೆಗೆಸ್ಕೊಂಡು...”

ವಾಹನದ ಕಿಟಕಿಯಿಂದ ಬೆಳ್ಳಿಯಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದ.

“ಕಳಸದ ಸ್ಟುಡಿಯೋಗೆ ಹೋಗಿ ಮಾರಾಯ” ಎಂದ ಮೆಲ್ಲಗೆ. “ಹಿಂದೆ ಬಿಳಿ ಪರದೆ ಇರ್ಬೇಕು ಅಂತ ಹೇಳು.”

ದಾಸಯ್ಯ ಬಾಗಿಲು ಹಾಕಿದರು. ವಾಹನ ಮೂಡಿಗೆರೆಯ ಕಡೆ ಹೊರಟಿತು, ಜೀಪುಗಳು ಕಳಸದ ಕಡೆ ತಿರುಗಿದವು.