ಬಿಡ್ರೀ ಅಂದದ್ದು ಹ್ಯಾಂಡ್ ಬ್ರೇಕನ್ನು

ಮಾಲತೇಶ್ ‘ಬಿಡ್ರೀ’ ಅಂದದ್ದು ಹ್ಯಾಂಡ್ ಬ್ರೇಕನ್ನು. ಗಂಗಾ ಬಿಟ್ಟು ಹೋದದ್ದು ಅವನನ್ನು.

ನಡೆದದ್ದು ಇಷ್ಟೇ. ಆದರೆ ಇಷ್ಟು ತಿಳಿಯುವುದಕ್ಕೆ ಅವನಿಗೆ ನಾಲ್ಕು ದಿನ ಹಿಡಿಯಿತು. ರಸ್ತೆಯಾಚೆ ಹೋಗುವ ಗಾಡಿಯ ಸದ್ದು ಕೇಳಿಯೇ ರೋಗ ಹೇಳಬಲ್ಲ ಮನುಷ್ಯನಿಗೆ, ಎರಡು ಮಾರು ದೂರದಲ್ಲಿ ನಿಂತ ಹೆಂಗಸಿನ ಮಾತು ಕೇಳಿಸಿರಲಿಲ್ಲ ನೋಡಿ.

ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಹೋಗುವ ರಸ್ತೆಯಲ್ಲಿ ಅವನ ಗ್ಯಾರೇಜು. ವಯಸ್ಸು ನಲವತ್ಮೂರು. ಇಬ್ಬರು ತಂಗಿಯರ ಮದುವೆ ಮಾಡಿ ಮುಗಿಸುವಷ್ಟರಲ್ಲಿ ತನ್ನ ಮದುವೆಯ ವಯಸ್ಸು ಸದ್ದಿಲ್ಲದೆ ದಾಟಿ ಹೋಗಿತ್ತು. ಮಧ್ಯಾಹ್ನ ಖಾನಾವಳಿಯ ಊಟ, ಸಂಜೆ ರೇಡಿಯೋ. ಅವನಲ್ಲಿದ್ದದ್ದು ಒಂದು ತಟ್ಟೆ, ಒಂದು ಲೋಟ. ಯಾರಾದರೂ ಬಂದರೆ ಇನ್ನೊಂದು ಲೋಟವನ್ನು ಪಕ್ಕದ ಪಂಕ್ಚರ್ ಅಂಗಡಿಯ ಜಯಪ್ಪನಿಂದ ಕೇಳಿ ತರಬೇಕಿತ್ತು. ಕೇಳುವ ಪ್ರಸಂಗ ಬರುತ್ತಿದ್ದದ್ದೇ ಅಪರೂಪ.

ಫೆಬ್ರವರಿಯ ಒಂದು ಶನಿವಾರ, ಮೇಲೆ ಮುಚ್ಚಳವೇ ಇಲ್ಲದ ಎರಡೇ ಸೀಟಿನ ಕೆಂಪು ಕಾರೊಂದು ಕಿರುಗುಟ್ಟುತ್ತ ಬಂದು ನಿಂತಿತು. ಸೊರಬದ ಹೈಸ್ಕೂಲಿನ ಗಣಿತದ ಟೀಚರ್ ಗಂಗಾ ಇಳಿದಳು. ಗಾಳಿಗೆ ಕೆದರಿದ ಕೂದಲನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡಿದ್ದಳು.

“ಅಣ್ಣಾ, ಇದು ಎಂತಕ್ಕೋ ಅಳ್ತಾ ಉಂಟು. ಒಂಚೂರು ನೋಡ್ತೀರಾ?”

ಅದು ಶೋರೂಮಿನ ಕಾರಲ್ಲ, ಕಿಟ್ ಕಾರು. ಕೊಯಮತ್ತೂರಿನಿಂದ ಪೆಟ್ಟಿಗೆಗಳಲ್ಲಿ ಬಂದ ಬಿಡಿಭಾಗಗಳನ್ನು ಒಂದೊಂದಾಗಿ ಜೋಡಿಸಿ ಅವಳ ಗಂಡ ರಘುಪತಿ ಮನೆಯ ಶೆಡ್ಡಿನಲ್ಲಿ ಏಳು ವರ್ಷ ಕೂತು ಕಟ್ಟಿದ್ದು. ಕಟ್ಟಿ ಮುಗಿಸಿದ ವರ್ಷವೇ ಎದೆನೋವು ಬಂದು ತೀರಿಕೊಂಡ. ಅದಾಗಿ ನಾಲ್ಕು ವರ್ಷ.

“ಊಟಕ್ಕೆ ಕರೀಲಿಕ್ಕೆ ಹೋದ್ರೆ ‘ಆ ಸ್ಪ್ಯಾನರ್ ಕೊಡು’ ಅನ್ನೋರು. ಕೊಟ್ಟು ಬಂದು ಒಬ್ಬಳೇ ಉಣ್ತಿದ್ದೆ,” ಎಂದು ಗಂಗಾ ನಕ್ಕಳು. ಆ ನಗು ಮಾಲತೇಶನಿಗೆ ಗುರುತಿತ್ತು. ಒಬ್ಬರೇ ಕೂತು ಉಣ್ಣುವವರು ನಗುವ ನಗು ಅದು.

ಹಿಂದಿನ ಚಕ್ರ ಬಿಚ್ಚಿ ನೋಡಿದರೆ ಡಿಸ್ಕ್ ಬ್ರೇಕಿನ ಪ್ಯಾಡುಗಳು ಪೂರಾ ಸವೆದು, ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿತ್ತು.

“ಟೀಚರ್, ನೀವು ಹ್ಯಾಂಡ್ ಬ್ರೇಕ್ ಹಾಕ್ಕೊಂಡೇ ಗಾಡಿ ಓಡಿಸ್ತೀರೇನ್ರೀ?”

“ಪೂರ್ತಿ ಅಲ್ಲಪ್ಪ. ಅರ್ಧ ಇಳಿಸ್ತೀನಿ. ಪೂರ್ತಿ ಇಳಿಸಿದ್ರೆ ನನ್ನ ಮಾತು ಕೇಳದೇ ಓಡಿಹೋಗ್ತದೆ ಅಂತ ಹೆದರಿಕೆ.”

ಅವನು ಎಷ್ಟೋ ತಿಂಗಳ ಮೇಲೆ ಮನಸಾರೆ ನಕ್ಕ.

ಆ ಬ್ರೇಕು ಯಾವ ಕಾರಿನದೋ ಕಟ್ಟಿದವನಿಗೇ ಗೊತ್ತು. ಶಿವಮೊಗ್ಗ, ಹುಬ್ಬಳ್ಳಿ ಎಲ್ಲ ಕಡೆ ಫೋಟೋ ಕಳಿಸಿ, ಕೊನೆಗೆ ಕೊಯಮತ್ತೂರಿಗೇ ಹೇಳಿ ತರಿಸಬೇಕಾಯಿತು. ಕಾರು ಗ್ಯಾರೇಜಿನಲ್ಲೇ ಉಳಿಯಿತು. ಗಂಗಾ ಪ್ರತಿ ಶನಿವಾರ ಶಾಲೆ ಮುಗಿಸಿ, ಶಿರಾಳಕೊಪ್ಪದಲ್ಲಿ ಬಸ್ಸು ಬದಲಾಯಿಸಿ ಬರುತ್ತಿದ್ದಳು. “ಬಂತಾ?” ಎಂದು ಕೇಳುತ್ತಿದ್ದಳು. ಫೋನಿನಲ್ಲಿ ಕೇಳಬಹುದಾದ ಪ್ರಶ್ನೆಗೆ ಎರಡೆರಡು ಬಸ್ಸು!

“ಇಲ್ರೀ. ಇನ್ನೂ ಬಂದಿಲ್ಲ.”

ಆಮೇಲೆ ಸ್ಟೂಲಿನ ಮೇಲೆ ಕೂತು ಡಬ್ಬಿ ತೆಗೆಯುತ್ತಿದ್ದಳು. ಹಲಸಿನ ಹಪ್ಪಳ, ಜಯಪ್ಪನ ಲೋಟದಲ್ಲಿ ಅವಳಿಗೆ ಚಹಾ. ಹಪ್ಪಳ ಮುರಿಯುತ್ತ ಅವಳು ಓರೆಗಣ್ಣಿನಲ್ಲಿ ನೋಡುವುದು, ಅವನು ಗ್ರೀಸು ಮೆತ್ತಿದ ಕೈಯನ್ನು ಸುಮ್ಮಸುಮ್ಮನೆ ಮೂರು ಸಲ ಒರೆಸುವುದು. ಮಾತು ಮಾತ್ರ ಮಕ್ಕಳ ಮಾರ್ಕ್ಸು, ಬಿಸಿಲು, ಬಸ್ಸಿನ ಬಗ್ಗೆ.

ಗ್ಯಾರೇಜಿಗೆ ಬರುವ ಹೆಂಗಸರಿಗೆಲ್ಲ ಅವನು ಅಣ್ಣ. ಗಂಗಾಳಿಗೂ ಮೊದಲೆರಡು ಶನಿವಾರ ಅಣ್ಣನೇ ಆಗಿದ್ದ. ಮೂರನೆಯ ಶನಿವಾರ ಆ ಅಣ್ಣ ಹೋಗಿ ‘ಮಾಲತೇಶ್ ಅವ್ರೇ’ ಬಂತು. ಅಂದು ಅವನು ಖಾನಾವಳಿಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ತಿಂದ.

ಆದರೆ ಕಾರು ಮಾರುವ ಮಾತು ಆಗಿಹೋಗಿತ್ತು. ತೊಗರ್ಸಿಯ ಮಹೇಶ್ವರಪ್ಪ ಅದನ್ನು ಮದುವೆಯ ಫೋಟೋಶೂಟಿಗೆ ಬಾಡಿಗೆಗೆ ಬಿಡಲೆಂದು ಕೊಳ್ಳಲು ಕೇಳಿದ್ದರು. ಬ್ರೇಕು ಸರಿಯಾದರೆ ಕಾರು ಹೋಗುತ್ತದೆ; ಕಾರು ಹೋದರೆ ಟೀಚರ್ ಇತ್ತ ಯಾಕೆ ಬರುತ್ತಾರೆ? ಹಾಗಾಗಿ ಪಾರ್ಸೆಲ್ ಬಂದಾಗ ಮಾಲತೇಶ್ ಅದನ್ನು ಹಳೆ ಪ್ಲಗ್ಗುಗಳ ಡಬ್ಬಿಯ ಕೆಳಗೆ ಮುಚ್ಚಿಟ್ಟ. ಹನ್ನೆರಡು ದಿನ ಇಟ್ಟ. ಹದಿಮೂರನೆಯ ದಿನ ಶನಿವಾರ. ಮಹೇಶ್ವರಪ್ಪ ಫೋನ್ ಮಾಡಿ ಅವಸರ ಮಾಡಿದ್ದರಿಂದ ಹೊರಗೆ ತೆಗೆಯಲೇಬೇಕಾಯಿತು.

ಎಡಗಡೆಯ ಚಕ್ರದ ಹತ್ತಿರ ಅವಳನ್ನು ಕೂರಿಸಿಕೊಂಡು ಕೆಲಸ ತೋರಿಸಿದ. “ಮುಂದಿನ ಬ್ರೇಕ್ ಆದ್ರೆ ಪಿಸ್ಟನ್ ಒತ್ತಿದ್ರೆ ಒಳಗೆ ಹೋಗ್ತೈತ್ರೀ. ಹಿಂದಿಂದು ಹಂಗಲ್ಲ. ಸಾವಕಾಶ ತಿರುಗಿಸ್ಬೇಕು. ಒತ್ತಿದ್ರೆ ಒಳಗೊಳಗೇ ಮುರಿತೈತಿ.”

“ಗೊತ್ತಿಲ್ಲದೇ ಎಷ್ಟು ಜನ ಒತ್ತಿರ್ತಾರೋ,” ಎಂದಳು ಗಂಗಾ.

ಎಡಗಡೆ ಮುಗಿಯಿತು. ಪರೀಕ್ಷೆ ಮಾಡಲು ಅವನು ಹೇಳಿದಂತೆ ಅವಳು ಹ್ಯಾಂಡ್ ಬ್ರೇಕ್ ಎಳೆದಳು. ಅವನು ಬಲಗಡೆಗೆ ಹೋಗಿ ಚಕ್ರದ ಹಿಂದೆ ಕುಕ್ಕರಗಾಲಲ್ಲಿ ಕೂತ. ಪಕ್ಕದಲ್ಲಿ ಜಯಪ್ಪನ ಗಾಳಿ ತುಂಬುವ ಕಂಪ್ರೆಸರ್ ಬಡಿದುಕೊಳ್ಳುತ್ತಿತ್ತು. ಪಿಸ್ಟನ್ ತಿರುಗಲೊಲ್ಲದು. ಹ್ಯಾಂಡ್ ಬ್ರೇಕ್ ಇನ್ನೂ ಎಳೆದೇ ಇದೆ ಎಂದು ಹೊಳೆಯಿತು.

“ಬಿಡ್ರೀ!” ಎಂದು ಕೂಗಿದ. ಏನೂ ಆಗಲಿಲ್ಲ. “ಪೂರ್ತಿ ಬಿಡ್ರೀ!”

ಎದ್ದು ನೋಡಿದರೆ ಲಿವರ್ ಮೇಲೇ ಇತ್ತು. ಸ್ಟೂಲಿನ ಮೇಲೆ ಹಪ್ಪಳದ ಡಬ್ಬಿ ಇತ್ತು. ಗಂಗಾ ಇರಲಿಲ್ಲ. ಬಸ್ಸಿಗೆ ಹೊತ್ತಾಗಿರಬೇಕು ಎಂದುಕೊಂಡ.

ಸೋಮವಾರ ಫೋನ್ ಬಂತು. “ಅಣ್ಣಾ, ಕಾರು ರೆಡಿ ಆಯ್ತಲ್ಲ? ಭಾನುವಾರ ಮಹೇಶ್ವರಪ್ಪ ಅವರೇ ಬಂದು ತಗೊಂಡು ಹೋಗ್ತಾರೆ. ನಾನು ಬರೋದಿಲ್ಲ.”

“ಹೂಂರೀ,” ಎಂದ ಮಾಲತೇಶ್. ಆ ‘ಅಣ್ಣಾ’ ಎದೆಗೆ ನಾಟಿತ್ತು. ಎರಡು ದಿನ ಖಾನಾವಳಿಗೂ ಹೋಗಲಿಲ್ಲ. ಕೆಂಪು ಕಾರಿನ ಖಾಲಿ ಸೀಟು ನೋಡುತ್ತ, ಡಬ್ಬಿಯಲ್ಲಿ ಮೆತ್ತಗಾದ ಹಪ್ಪಳ ತಿನ್ನುತ್ತ ಕೂತ. ಇಷ್ಟು ವರ್ಷ ಒಬ್ಬನೇ ಇದ್ದ. ಒಂಟಿತನ ಎಂದರೆ ಏನೆಂದು ಈಗ ಗೊತ್ತಾಯಿತು.

ಬುಧವಾರ ಜಯಪ್ಪ ಬಂದು ಬಾಗಿಲಿಗೆ ಒರಗಿದ. “ಅಲ್ಲಲೇ ಮಾಲತೇಶ, ಆ ಟೀಚರ್ ಅಷ್ಟು ಬಾಯಿಬಿಟ್ಟು ಕೇಳಿದ್ರೆ ನೀ ಹಂಗೆ ಅನ್ನೋದಾ?”

“ಏನ್ ಕೇಳಿದ್ರೋ?”

“ನನ್ನ ಲೋಟ ತಗಂಡು ಹೋಗಾಕೆ ಬಂದಿದ್ದೆ, ಇಲ್ಲೇ ಬಾಗ್ಲಾಗೆ ನಿಂತಿದ್ದೆ. ‘ಕಾರು ಹೋದ ಮೇಲೂ ಶನಿವಾರ ಬರಬಹುದಾ, ಇಲ್ಲಾ ಈ ಆಸೆ ಬಿಡಲಾ’ ಅಂದ್ರು. ನೀ ಏನಂದೆ? ‘ಬಿಡ್ರೀ, ಪೂರ್ತಿ ಬಿಡ್ರೀ!’ ಪಾಪ, ಮುಖ ಸಣ್ಣದು ಮಾಡ್ಕಂಡು ಹೋದ್ರು.”

ಮಾಲತೇಶ್ ತಿರುಗಿ ಕಾರಿನ ಹ್ಯಾಂಡ್ ಬ್ರೇಕ್ ನೋಡಿದ.

ಫೋನ್ ಮಾಡಲು ಮೂರು ದಿನ ಮೂರು ಸಲ ನಂಬರ್ ಒತ್ತಿ, ಮೂರು ಸಲವೂ ಕತ್ತರಿಸಿದ. ಭಾನುವಾರ ಬೆಳಿಗ್ಗೆ ಮಹೇಶ್ವರಪ್ಪನಿಗೆ “ನೀವು ಬರಬ್ಯಾಡ್ರೀ, ನಾವೇ ತಂದು ಕೊಡ್ತೀವಿ” ಎಂದು ಹೇಳಿ, ತಾನೇ ಕಾರು ತೆಗೆದುಕೊಂಡು ಸೊರಬಕ್ಕೆ ಹೊರಟ. ಕೆಂಪು ಕಾರಿನಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಒಬ್ಬನೇ ಹೋಗುವ ನಡುವಯಸ್ಸಿನ ಗಂಡಸನ್ನು ದಾರಿಯುದ್ದಕ್ಕೂ ಜನ ತಿರುತಿರುಗಿ ನೋಡಿದರು.

ಗಂಗಾ ಗೇಟಿನಲ್ಲೇ ತಡೆದಳು. “ಅಣ್ಣಾ, ನೀವ್ಯಾಕೆ ತಂದ್ರಿ?”

“ಟೀಚರ್, ನಾ ಬಿಡ್ರೀ ಅಂದಿದ್ದು ಹ್ಯಾಂಡ್ ಬ್ರೇಕ್ ರೀ!”

ಅವಳು ಗೇಟಿನ ಚಿಲಕದ ಮೇಲಿನ ಕೈ ತೆಗೆಯಲಿಲ್ಲ.

“ಕಂಪ್ರೆಸರ್ ಸದ್ದಿಗೆ ನಿಮ್ಮ ಮಾತು ಒಂದೂ ಕೇಳಿಸ್ಲಿಲ್ರೀ. ದೇವರಾಣೆ.”

“ಹ್ಯಾಂಡ್ ಬ್ರೇಕು ಇಳಿಸೋದು,” ಎಂದಳು ನಿಧಾನವಾಗಿ. “ನಮ್ಮ ಮನೆಯವರು ಯಾವಾಗಲೂ ಇಳಿಸು ಅಂತಲೇ ಅಂತಿದ್ರು.”

“ನಾವು ಬಿಡೋದು ಅಂತೀವ್ರೀ.”

“ಪೂರ್ತಿ ಬಿಡ್ರೀ ಅಂದ್ರಲ್ಲ!”

“ನೀವು ಅರ್ಧಕ್ಕೇ ನಿಲ್ಲಿಸ್ತೀರಲ್ರೀ, ಅದಕ್ಕೆ!”

ಗಂಗಾಳಿಗೆ ನಗು ಬಂತು. ನಗುವಿನ ಹಿಂದೆಯೇ ಕಣ್ಣು ತುಂಬಿತು. ಒರೆಸಿಕೊಳ್ಳಲು ಅವನು ಕೊಟ್ಟ ಕರವಸ್ತ್ರದಲ್ಲಿ ಪೆಟ್ರೋಲಿನ ವಾಸನೆ. ಅವಳು ಅದನ್ನು ವಾಪಸು ಕೊಡಲಿಲ್ಲ.

“ಇನ್ನೊಂದು ತಪ್ಪೈತ್ರೀ. ಪ್ಯಾಡು ಬಂದು ಹನ್ನೆರಡು ದಿನ ಆಗಿತ್ತು. ಮುಚ್ಚಿಟ್ಟಿದ್ದೆ.”

“ಪ್ಲಗ್ ಡಬ್ಬಿ ಕೆಳಗೆ. ಅದಕ್ಕೂ ಹಿಂದಿನ ಶನಿವಾರವೇ ನೋಡಿದ್ದೆ. ಅದನ್ನ ನೋಡಿಯೇ ಅಲ್ದಾ, ಕೇಳೋ ಧೈರ್ಯ ಬಂದದ್ದು?”

ಮಾಲತೇಶ್ ನೆಲ ನೋಡಿದ. ಆಮೇಲೆ ಮುಖವೆತ್ತಿ, “ಬರೀ ಶನಿವಾರ ನನಗೆ ಸಾಕಾಗಲ್ರೀ,” ಎಂದ. ಅವನ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು.

ಕಾರನ್ನು ಉಳಿಸಿಕೊಳ್ಳುತ್ತೀರಾ ಎಂದು ಅವನು ಕೇಳಿದ. ಗಂಗಾ ಇಲ್ಲವೆಂದು ತಲೆಯಾಡಿಸಿದಳು. “ಕೊಟ್ಟ ಮಾತು. ಅವರದು ಏಳು ವರ್ಷ ಇದರಲ್ಲಿ ಹೋಯ್ತು. ನನ್ನದೂ.”

ತೊಗರ್ಸಿಗೆ ಅವಳೇ ಓಡಿಸಿದಳು. ಹ್ಯಾಂಡ್ ಬ್ರೇಕನ್ನು ಪೂರ್ತಿ ಇಳಿಸಿದಳು. ಕಾರು ಅವಳ ಮಾತು ಕೇಳಿತು. ಪಕ್ಕದ ಸೀಟಿನಲ್ಲಿ ಮಾಲತೇಶ್.

“ಹೊಸ ಪ್ಯಾಡು ಹೊಂದಿಕೊಳ್ಳೋವರೆಗೂ ಸಾವಕಾಶ ಹೋಗ್ಬೇಕ್ರೀ.”

“ಹಂಗಾದ್ರೆ ಮುಟ್ಟೋದು ತಡ ಆಗ್ತದೆ.”

“ಆಗ್ಲಿ ಬಿಡ್ರೀ.”

ಆ ಮಾತಿಗೆ ಇಬ್ಬರೂ ಬೆಚ್ಚಿದರು. ಆಮೇಲೆ ನಗು ತಡೆಯಲಾಗದೆ ಕಾರನ್ನು ಪಕ್ಕಕ್ಕೆ ನಿಲ್ಲಿಸಬೇಕಾಯಿತು.

ಕೀ ಕೊಡುವಾಗ ಗಂಗಾ ಬಾನೆಟ್ಟಿನ ಮೇಲೆ ಒಂದು ಗಳಿಗೆ ಕೈಯಿಟ್ಟಳು. ತೊಗರ್ಸಿಯಿಂದ ಶಿರಾಳಕೊಪ್ಪಕ್ಕೆ ಬಸ್ಸಿನ ಒಂದೇ ಸೀಟಿನಲ್ಲಿ ಕೂತು ಬಂದರು. ಅಲ್ಲಿಂದ ಅವಳ ಬಸ್ಸು ಸೊರಬಕ್ಕೆ, ಅವನದು ಶಿಕಾರಿಪುರಕ್ಕೆ.

ಸೊರಬದ ಬಸ್ಸು ಮೊದಲು ಬಂತು. “ಶನಿವಾರ ಬರ್ತೀನಿ,” ಎಂದಳು ಮೆಟ್ಟಿಲ ಮೇಲೆ ನಿಂತು.

“ಯಾವ ಗಾಡಿ ತರ್ತೀರಿ?” ಹಾಳು ರೂಢಿ, ಬಾಯಿಗೆ ಬಂದುಬಿಟ್ಟಿತು.

“ಯಾವುದೂ ಇಲ್ಲ, ಮಾಲತೇಶ್. ನಾನೊಬ್ಬಳೇ.”

ಕಂಡಕ್ಟರ್ ಸೀಟಿ ಊದಿದ. ಈ ಸಲ ಮಾಲತೇಶ್ ಅವಳ ಮುಖ ನೋಡಿ, ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ ಹೇಳಿದ: “ಬರ್ರೀ!”

ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದ. ಆಮೇಲೆ ಎದುರಿನ ಪಾತ್ರೆ ಅಂಗಡಿಗೆ ಹೋಗಿ ಒಂದು ಸ್ಟೀಲ್ ಲೋಟ ಆರಿಸಿದ.

“ಒಂದೇ ಸಾಕಾ?” ಎಂದು ಕೇಳಿದ ಅಂಗಡಿಯವನು.

“ಸಾಕ್ರೀ,” ಎಂದ ಮಾಲತೇಶ್. “ಮನೇಲಿ ಒಂದೈತಿ.”